ಹೊಂಬಾಳಮ್ಮನ ಕಾವುಕೂಟ ಮತ್ತು ನನ್ನ ಟೇಪು

ನಮ್ಮೂರಿನಲ್ಲಿ ಯಾರನ್ನಾದರೂ ಕರೆಯಬೇಕಾದರೆ ಒಬ್ಬರೇ ಕರೆಯಬೇಕು. ಮೂರು ದಿಕ್ಕಿನಿಂದ ಮೂವರು ಒಟ್ಟಿಗೆ ಕೂಗಿದರೆ ಕರೆಸಿಕೊಂಡವರ ಕಿವಿ ಸುಡುತ್ತದೆ. ಇದನ್ನು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತೇವೆ. ಜಗಳ ಆಡುವವರು ಎದುರುಬದುರು ನಿಲ್ಲುವುದಿಲ್ಲ, ಪಕ್ಕಪಕ್ಕ ನಿಂತು ಗೋಡೆಯ ಕಡೆ ಮುಖ ಮಾಡಿ ಬೈದುಕೊಳ್ಳುತ್ತಾರೆ. ಶಾಲೆಯಲ್ಲಿ ಮಗ್ಗಿ ಹೇಳುವಾಗ ಎಲ್ಲರೂ ಒಂದೇ ಕಡೆಗೆ ತಿರುಗಿರಬೇಕು. ಆ ಕಡೆಯ ಗೋಡೆ ಚಳಿಗಾಲದಲ್ಲಿ ಹೊರಗಿನಿಂದಲೂ ಬೆಚ್ಚಗಿರುತ್ತದೆ. ಹದಿನಾರರ ಮಗ್ಗಿ ಮುಗಿಯುವ ತನಕ ಊರಿನ ಬೆಕ್ಕುಗಳು ಅಲ್ಲಿಂದ ಏಳುವುದಿಲ್ಲ. ಒಗ್ಗರಣೆಗೆ ನಮ್ಮಲ್ಲಿ ಸೌದೆ ಬೇಡ. ಅತ್ತೆ, ಸೊಸೆ, ಪಕ್ಕದ ಮನೆಯವಳು ಮೂವರು ಬಾಣಲೆಯ ಸುತ್ತ ಕೂತು ಸಣ್ಣಗೆ ಹೂಂ ಎಂದು ದನಿ ಹಿಡಿದರೆ ಸಾಸಿವೆ ಸಿಡಿಯುತ್ತದೆ. ಸಿಡಿಯಲಿಲ್ಲವೆಂದರೆ ಅತ್ತೆ ಸೊಸೆಗೆ ಮಾತಿಲ್ಲ ಎಂದು ಪಕ್ಕದ ಮನೆಯವಳು ಸಂಜೆಯೊಳಗೆ ಊರಿಗೆಲ್ಲ ಹೇಳಿ ಬರುತ್ತಾಳೆ.

ನನ್ನ ಹೆಸರು ಪಂಕಜ, ಕೆಲಸ ಟೈಲರ್. ಯಾರೂ ಕಲಿಸಲಿಲ್ಲ. ನಮ್ಮಮ್ಮನ ಹಳೆಯ ರವಿಕೆ ಬಿಚ್ಚಿ, ಅದನ್ನೇ ಮತ್ತೆ ಹೊಲಿದು, ಸರಿಯಾಗದೆ ಇನ್ನೊಮ್ಮೆ ಬಿಚ್ಚಿ, ಹಾಗೆ ಕಲಿತವಳು. ಅಳತೆ ತೆಗೆಯುವಾಗ ಜನ ಸುಮ್ಮನೆ ನಿಲ್ಲುವುದಿಲ್ಲ. ಕೈ ಎತ್ತಿ ನಿಂತುಕೊಂಡು ಏನಾದರೂ ಹೇಳುತ್ತಿರುತ್ತಾರೆ. ಹಾಗಾಗಿ ನಮ್ಮೂರಿನ ಪ್ರತಿಯೊಬ್ಬರ ಭುಜ ಎಷ್ಟು ಅಗಲ, ದನಿ ಎಷ್ಟು ಆಳ, ಎರಡೂ ನನಗೆ ಗೊತ್ತು. ಇದೇ ಕಾರಣಕ್ಕೆ ಹೊಂಬಾಳಮ್ಮ ನನ್ನನ್ನು ಕಾವುಕೂಟಕ್ಕೆ ಸೇರಿಸಿಕೊಂಡರು.

ಮೈಯೊಳಗೆ ಎಲ್ಲೋ ಆಳದಲ್ಲಿ ಗಡ್ಡೆ ಬೆಳೆದರೆ, ಕತ್ತಿ ಅಲ್ಲಿಗೆ ಹೋಗಲಾಗದು ಎಂದು ಡಾಕ್ಟರಮ್ಮ ಕೈಬಿಟ್ಟರೆ, ನಾವು ಕಾವುಕೂಟ ಮಾಡುತ್ತೇವೆ. ಊರ ಮಧ್ಯೆ ಒಂದು ಮನೆಯೊಳಗೆ ಗುಂಡನೆಯ ಕಲ್ಲಿನ ತೊಟ್ಟಿ ಇದೆ, ನೀರು ಅಂಚಿನವರೆಗೆ ನಿಂತಿರುತ್ತದೆ. ನಡುವಿನ ಕಲ್ಲಿನ ಮೇಲೆ ಕಾಯಿಲೆಯವರು ಎದೆಮಟ್ಟ ನೀರಿನಲ್ಲಿ ಕೂರುತ್ತಾರೆ. ಸುತ್ತ ಇಪ್ಪತ್ನಾಲ್ಕು ಜನ ಗಾಡಿ ಚಕ್ರದ ಅರಗಳ ಹಾಗೆ, ಹೊಟ್ಟೆ ಕೆಳಗೆ ಮಾಡಿ ಚಾಪೆಯ ಮೇಲೆ ಮಲಗಿ, ತುಟಿಯನ್ನು ನೀರಿಗೆ ತಾಗಿಸಿ ದನಿ ಹಿಡಿಯುತ್ತಾರೆ. ಒಬ್ಬರ ದನಿ ಮೈಯೊಳಗೆ ಹಾದುಹೋದದ್ದು ಕಾಯಿಲೆಯವರಿಗೆ ಗೊತ್ತೂ ಆಗುವುದಿಲ್ಲ. ಇಪ್ಪತ್ನಾಲ್ಕೂ ಎಲ್ಲಿ ಕೂಡುತ್ತವೋ ಅಷ್ಟೇ ಜಾಗ ಬೇಯುತ್ತದೆ. ಚರ್ಮಕ್ಕೆ ಒಂದು ಗೀರು ಬೀಳುವುದಿಲ್ಲ. ಆದರೆ ಪ್ರತಿ ತುಟಿಯಿಂದ ಗಡ್ಡೆಗೆ ಎಷ್ಟು ದೂರ ಎಂಬ ಲೆಕ್ಕ ಬೆರಳಿನಷ್ಟೂ ತಪ್ಪಬಾರದು. ಆ ಅಳತೆ ನನ್ನ ಟೇಪಿನದು. ದನಿ ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಕೈ ತೋರಿಸುವುದು ಮೂವತ್ತು ವರ್ಷದಿಂದ ಹೊಂಬಾಳಮ್ಮನ ಕೆಲಸ.

ಅವರ ಕಟ್ಟುಪಾಡುಗಳನ್ನು ಮೀರಿದವರು ಊರಿನಲ್ಲಿಲ್ಲ. ಕಾಯಿಲೆಯವರು ಎರಡು ದಿನ ಗಂಜಿಯಲ್ಲೇ ಇರಬೇಕು, ಏಕೆಂದರೆ ಹೊಟ್ಟೆಯಲ್ಲಿ ಗಾಳಿ ಇದ್ದರೆ ದನಿ ಅಲ್ಲೇ ತಡೆದು ನಿಲ್ಲುತ್ತದೆ. ದನಿ ಹಿಡಿಯುವವರು ನೀರಿನಲ್ಲಿ ಗುಳ್ಳೆ ಎಬ್ಬಿಸಬಾರದು. ಮತ್ತೆ, ನೆಂಟರು ಕೂಟದಲ್ಲಿ ಮಲಗಬಾರದು. ಗಂಡ, ಹೆಂಡತಿ, ಮಗ, ಮಗಳು, ಎಲ್ಲರೂ ಬಾಗಿಲಾಚೆ. ಯಾಕೆ ಎಂದು ಹೊಂಬಾಳಮ್ಮನಿಗೂ ಗೊತ್ತಿರಲಿಲ್ಲ. ಅವರಿಗೆ ಮೊದಲು ಕೈ ತೋರಿಸುತ್ತಿದ್ದ ಮುದುಕಿ ಹಾಗೆ ಹೇಳಿದ್ದಳು, ಇವರು ನಡೆಸಿಕೊಂಡು ಬಂದರು. ಹನ್ನೊಂದು ವರ್ಷದ ಹಿಂದೆ ಹಿಟ್ಟಿನ ಗಿರಣಿಯ ಮರಿದೇವಯ್ಯನ ಹೆಂಡತಿ ಸಣ್ಣತಾಯಿಗೆ ಕೂಟ ಮಾಡಿದಾಗ ಮರಿದೇವಯ್ಯ ಬಂದು ಚಾಪೆಯ ಮೇಲೆ ಮಲಗಿಬಿಟ್ಟಿದ್ದರು. ಹೊಂಬಾಳಮ್ಮ ಅವರ ಕೈ ಹಿಡಿದು ಎಬ್ಬಿಸಿ, ಹೊರಗೆ ಬಿಟ್ಟು ಚಿಲಕ ಹಾಕಿದರು. ಸಣ್ಣತಾಯಿ ವಾಸಿಯಾದಳು, ಇವತ್ತಿಗೂ ಊರಲ್ಲಿ ಅವಳಷ್ಟು ಜೋರಾಗಿ ನಗುವವರು ಇಲ್ಲ. ಮರಿದೇವಯ್ಯ ಮಾತ್ರ ಅಂದಿನಿಂದ ಹೊಂಬಾಳಮ್ಮನ ಜೊತೆ ಮಾತು ಬಿಟ್ಟರು. ಊರಿನಲ್ಲೇ ಅತಿ ಆಳದ ದನಿ ಅವರದು. ಅವರು ಕೆಮ್ಮಿದರೆ ಲೋಟದ ನೀರು ನಡುಗುತ್ತದೆ. ಆ ದನಿ ಹನ್ನೊಂದು ವರ್ಷ ಯಾವ ಕೂಟಕ್ಕೂ ಸಿಗಲಿಲ್ಲ.

ಈ ವರ್ಷ ಗಡ್ಡೆ ಹೊಂಬಾಳಮ್ಮನಿಗೇ ಬಂತು. ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೊಕ್ಕುಳಿನ ಹಿಂದೆ, ಬೆನ್ನುಮೂಳೆಗೆ ಒಂದು ಬೆರಳು ಈಚೆ, ನೆಲ್ಲಿಕಾಯಿ ಗಾತ್ರ. ದೊಡ್ಡ ರಕ್ತನಾಳವೊಂದು ಅದನ್ನು ತಬ್ಬಿಕೊಂಡಿತ್ತು. "ಕತ್ತಿ ಆಗಲ್ಲ. ನಿಂಬೆಹಣ್ಣಿನಷ್ಟು ಆಯ್ತು ಅಂದ್ರೆ ನಿಮ್ಮ ಕೂಟಕ್ಕೂ ಸಿಗಲ್ಲ. ಒಂದು ತಿಂಗಳು ಟೈಮಿದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬಿಸಿ ಹಿಂದಕ್ಕೆ ಹೋಗಿ ಬೆನ್ನುಮೂಳೆಗೆ ತಾಗಿದ್ರೆ ಕಾಲು ಹೋಗುತ್ತೆ. ನೆನಪಿಟ್ಕೊಳ್ಳಿ" ಎಂದರು.

"ನನಗ್ಯಾಕೆ ಹೇಳ್ತೀರಾ ಮೇಡಂ?" ಎಂದೆ.

"ಕೈ ತೋರ್ಸೋಳು ನೀನಲ್ವಾ" ಎಂದರು ಹೊಂಬಾಳಮ್ಮ. "ನಾನು ನೀರೊಳಗೂ ಕೂತ್ಕಂಡು ದಡದ ಮೇಲೂ ನಿಂತ್ಕಳಕ್ಕಾಯ್ತದಾ? ಮುಖ ಯಾಕೆ ಹಂಗೆ ಮಾಡ್ತೀಯೇ? ರವಿಕೆ ತೋಳು ಬಿಗಿಯಾದ್ರೆ ಬಿಚ್ಚಿ ಹೊಲೀತೀಯ. ಹಂಗೇ ಅನ್ಕೊ."

"ಹೊಂಬಾಳಕ್ಕ, ನಿನ್ನನ್ನ ಬಿಚ್ಚಿ ಹೊಲಿಯಕ್ಕಾಗಲ್ವಲ್ಲ."

"ಅದುಕ್ಕೇ ಹೇಳ್ತಿರೋದು, ಒಂದೇ ಸಲಕ್ಕೆ ಸರಿಯಾಗಿ ಹೊಲಿ."

ಜನ ಕೂಡಿಸುವುದು ಕಷ್ಟವಾಗಲಿಲ್ಲ. ಮುಂಜಾನೆ ತೊಟ್ಟಿಯ ಮನೆ ತುಂಬಿಹೋಯಿತು. ವಾಡಿಕೆಯಂತೆ ನಾನು, "ನೆಂಟರಿದ್ರೆ ಹೊರಗೆ ಹೋಗಿ" ಎಂದೆ. ಒಬ್ಬರೂ ಏಳಲಿಲ್ಲ. ಹೊಂಬಾಳಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ಯಾರನ್ನೂ ಕಳಿಸುವ ತೊಂದರೆಯಿಲ್ಲ, ಬೇಕಾದ ದನಿಗಳನ್ನೆಲ್ಲ ಆರಿಸಿಕೊಳ್ಳಬಹುದು, ಎಂಥ ಅನುಕೂಲ ಎಂದುಕೊಂಡೆವು. ಇಪ್ಪತ್ಮೂರು ಜನ ಸಿಕ್ಕಿದರು. ಗಡ್ಡೆ ಅಷ್ಟು ಆಳದಲ್ಲಿದ್ದುದರಿಂದ ಒಂದು ತೀರ ತಗ್ಗು ದನಿ ಬೇಕೇ ಬೇಕಿತ್ತು. ಅಷ್ಟರಲ್ಲಿ ಆ ಇಪ್ಪತ್ಮೂರರಲ್ಲೊಬ್ಬಳಾದ ಸಣ್ಣತಾಯಿ ಮನೆಗೆ ಹೋಗಿ ಗಂಡನ ತೋಳು ಹಿಡಿದು ಎಳೆದುಕೊಂಡು ಬಂದಳು.

"ತಗಳವ್ವ ಪಂಕಜ, ನಿನ್ನ ಇಪ್ಪತ್ನಾಲ್ಕನೇದು. ಬೆಳಗಾನ ಎದ್ದು ಹೊಸ ಅಂಗಿ ಹಾಕ್ಕಂಡು ಜಗಲಿ ಮೇಲೆ ಕೂತಿದ್ರು, ಯಾರೂ ಕರೀಲಿಲ್ವಲ್ಲಾ ಅಂತ."

"ಸುಳ್ಳು" ಎಂದರು ಮರಿದೇವಯ್ಯ. "ಜಾಗ ಖಾಲಿ ಐತೆ ಅಂದ್ರು, ಬಂದೆ. ನೀರಲ್ಲಿ ಯಾರು ಕೂತವ್ರೆ ಅಂತ ನಾನು ನೋಡಲ್ಲ."

ನೀರಿನಲ್ಲಿ ಕೂತಿದ್ದ ಹೊಂಬಾಳಮ್ಮ ಗೋಡೆಯ ಕಡೆ ನೋಡುತ್ತ, "ನೋಡದೇ ಇದ್ರೇ ಒಳ್ಳೇದು, ನಾನೇನು ಸಿಂಗಾರ ಮಾಡ್ಕಂಡು ಕೂತಿಲ್ಲ" ಎಂದರು.

ಮೊದಲು ಸಣ್ಣ ದನಿ ಹಿಡಿಸಿದೆ. ಅದು ಬೇಯಿಸುವುದಿಲ್ಲ, ಬೆಚ್ಚಗೆ ಮಾಡಿ ಜಾಗ ತೋರಿಸುತ್ತದೆ. ಹೊಂಬಾಳಮ್ಮ ನೀರೊಳಗೆ ಹೊಟ್ಟೆಯ ಮೇಲೆ ಬೆರಳಿಟ್ಟು, "ಅಲ್ಲೇ, ನಾಣ್ಯ ಇಟ್ಟಂಗೆ" ಎಂದರು. ಹೊಟ್ಟೆ ಅಲುಗದಂತೆ ಅವರು ಉಸಿರು ಕಟ್ಟಿದರು, ನಾನು ಕೈ ಎತ್ತಿದೆ, ದೊಡ್ಡ ದನಿ ಎದ್ದಿತು. ಹತ್ತು ಎಣಿಸಿ ಇಳಿಸಿದೆ.

"ಏನಾಯ್ತು?"

"ಹೊಟ್ಟೆ ತುಂಬ ಸಾರು ಕುಡಿದಂಗಾಯ್ತು. ಒಂದು ಕಡೆ ಸುಡಲೇ ಇಲ್ಲ ಕಣೆ."

ಬಿಸಿ ಚೆದುರಿಹೋಗಿತ್ತು. ಇಪ್ಪತ್ನಾಲ್ಕು ಜನರ ಅಳತೆಯನ್ನೂ ಮತ್ತೆ ತೆಗೆದೆ, ಎಲ್ಲ ಸರಿಯಾಗಿತ್ತು. ಆಗ ದೊಡ್ಡ ಚರ್ಚೆಯೇ ನಡೆಯಿತು. ಅವರೆಕಾಳಿನ ಕಾಲ ಬೇರೆ. "ಹೊಂಬಾಳಕ್ಕ, ದೇವರಾಣೆ ಹೇಳು, ಕಾಳು ತಿಂದಿದ್ದೀಯಾ?" ಎಂದು ಸಣ್ಣತಾಯಿ ಕೇಳಿಯೇಬಿಟ್ಟಳು. ಮೂವತ್ತು ವರ್ಷ ಊರವರ ಬಾಯಿಂದ ಕಾಳು ಕಸಿದ ಹೆಂಗಸು ನೀರಿನಲ್ಲಿ ಕೆಂಪಗಾಗಿ, "ಗಂಜಿ ಕುಡಿದು ಕುಡಿದು ನಾಲಿಗೆ ಬೆಳ್ಳಗಾಗೈತೆ, ನೋಡು ಬಾ ಇಲ್ಲಿ" ಎಂದು ನಾಲಿಗೆ ಚಾಚಿ ತೋರಿಸಿದರು.

ಎರಡನೆಯ ಕೂಟ ವಾರ ಬಿಟ್ಟು. ಸಣ್ಣ ದನಿಗೆ ಮತ್ತೆ ಸರಿಯಾದ ಜಾಗ. ದೊಡ್ಡ ದನಿ ಎತ್ತಿದೆ. ಐದು ಎಣಿಸುವಷ್ಟರಲ್ಲಿ ಹೊಂಬಾಳಮ್ಮನ ಮುಖ ಕಿವುಚಿತು, ಕೈ ಬೀಸಿದರು. ಇಳಿಸಿದೆ. ಎಡಗಾಲು ಜೋಮು ಹಿಡಿದಿತ್ತು. ಇಬ್ಬರು ಎತ್ತಿ ದಡಕ್ಕೆ ತಂದರು. ಅರ್ಧ ಗಂಟೆ ನಾನು ಅವರ ಪಾದ ತಿಕ್ಕುತ್ತ ಕೂತೆ, ಕೊನೆಗೆ ಹೆಬ್ಬೆರಳು ಅಲುಗಿತು. "ಕಾಲು ಬಂತು ಬಿಡೆ, ಅಳಬ್ಯಾಡ. ನಿನ್ನ ಕಣ್ಣೀರು ನನ್ನ ಪಾದಕ್ಕೆ ಕಚಗುಳಿ ಇಡ್ತದೆ" ಎಂದರು. ಡಾಕ್ಟರಮ್ಮ ಹೊಸ ಚಿತ್ರ ತೆಗೆದು, ನೆಲ್ಲಿಕಾಯಿ ಸ್ವಲ್ಪ ದಪ್ಪವಾಗಿದೆ, ಇನ್ನೊಂದೇ ಸಲ ನೋಡಿ, ಆಮೇಲೆ ಬೇಡ ಎಂದರು.

ಕಾಲು ಬಂದ ಆ ಬೆಳಿಗ್ಗೆಯೇ, ನಾನು ಹೊರಗೆ ಬಂದಾಗ ಕೂಟದವರೆಲ್ಲ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ನಿಂತಿದ್ದರು. ಯಾರಿಗೂ ಮನೆಗೆ ಹೋಗಲು ಮನಸ್ಸಿಲ್ಲ. ನನಗೆ ಮನಸ್ಸು ಕೆಟ್ಟಾಗ ಜನರ ಮುಖ ನೋಡಲಾಗುವುದಿಲ್ಲ, ಬಟ್ಟೆ ನೋಡುತ್ತೇನೆ. ಹಾಗೆ ನೋಡುತ್ತ ಇದ್ದಾಗ ಕಂಡಿತು: ಎಲ್ಲರ ಅಂಗಿ, ರವಿಕೆ, ಸೆರಗು ಮುಂದೆ ಒದ್ದೆ. ಸರಿಯಾಗಿ ಮಲಗಿದರೆ ತುಟಿ ಮಾತ್ರ ನೀರಿಗೆ ತಾಗಬೇಕು, ಕಾಲರು ಒಣಗಿರಬೇಕು. ಒಬ್ಬರದು ಕಾಲರು ಒದ್ದೆ, ಇನ್ನೊಬ್ಬರದು ಮೊದಲ ಗುಂಡಿಯವರೆಗೆ. ಒದ್ದೆ ನಿಂತಲ್ಲಿ ಒಂದು ಗೆರೆ, ಸೀಮೆಸುಣ್ಣದಲ್ಲಿ ನಾನೇ ಗುರುತು ಹಾಕಿದ ಹಾಗೆ. ಟೇಪು ಹಿಡಿದುಕೊಂಡು ಒಬ್ಬೊಬ್ಬರ ಹತ್ತಿರ ಹೋದೆ. ಒಂದು ಬೆರಳು, ಎರಡು, ಒಂದೂವರೆ, ಮೂರು. ಮರಿದೇವಯ್ಯನ ಹತ್ತಿರ ಬಂದಾಗ ಅವರು ಟವೆಲನ್ನು ಎದೆಯ ಮೇಲೆ ಎಳೆದುಕೊಂಡರು.

"ನೀರು ಚಿಮ್ಮಿತು" ಎಂದರು.

"ನಾಲ್ಕನೇ ಗುಂಡಿ ತನಕ ಚಿಮ್ಮಿತಾ ಮರಿದೇವಣ್ಣ?"

"ಜೋರಾಗಿ ಚಿಮ್ಮಿತು."

ಐದು ಬೆರಳು ಬಂತು.

ಹೊಂಬಾಳಮ್ಮನ ಮನೆಗೆ ಹೋಗಿ ಹೇಳಿದೆ. "ಎಲ್ಲರೂ ಜರುಗಿದಾರೆ ಅಕ್ಕ. ಸಣ್ಣ ದನೀಲಿ ಸುಮ್ಮನಿರ್ತಾರೆ. ದೊಡ್ಡ ದನಿ ಎದ್ದು ನೀನು ಉಸಿರು ಕಟ್ಟಿದ ಕೂಡಲೇ ಗೊತ್ತಿಲ್ಲದೆ ನಿನ್ನ ಕಡೆಗೆ ಜರುಗ್ತಾರೆ. ಎಲ್ಲ ಒಂದೇ ಸಮ ಜರುಗಿದ್ರೆ ಪರವಾಗಿರಲಿಲ್ಲ. ಒಬ್ಬರು ಒಂದು ಬೆರಳು, ಒಬ್ಬರು ಐದು. ಅದಕ್ಕೇ ಬಿಸಿ ಚೆದುರ್ತಿದೆ. ನೆಂಟರು ಮಲಗಬಾರದು ಅಂತ ಆ ಅಜ್ಜಿ ಹೇಳಿದ್ದು ಇದಕ್ಕೇ."

ಹೊಂಬಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಹಂಗಾರೆ ಇಪ್ಪತ್ನಾಲ್ಕು ನೆಂಟರನ್ನೂ ಹೊರಕ್ಕೆ ಹಾಕು" ಎಂದರು.

"ಹಾಕಿ ಯಾರನ್ನ ಮಲಗಿಸಲಿ? ಊರಲ್ಲಿ ಮಿಕ್ಕೋರೂ ಹಿಂಗೇ."

"ಜರುಗಬ್ಯಾಡಿ ಅಂತ ಬೈಯಿ."

"ಬೈದರೆ ಮೈ ಬಿಗಿ ಮಾಡ್ಕೋತಾರೆ. ಮೈ ಬಿಗಿಯಾದ್ರೆ ದನಿ ಬಿಗೀತದೆ. ನೀನೇ ಹೇಳಿಕೊಟ್ಟಿದ್ದು."

ಅವರು ತಲೆಯಾಡಿಸಿದರು. ಆಗ ನನಗೆ ನಮ್ಮ ಕೇರಿಯ ಗೂನುಬೆನ್ನಿನ ಮೇಷ್ಟ್ರು ನೆನಪಾದರು. ಅವರಿಗೆ ನಾನು ಹೊಲಿದ ಮೊದಲ ಅಂಗಿಗೆ, ನೆಟ್ಟಗೆ ನಿಲ್ಲಿ ಎಂದು ಗದರಿಸಿ ಅಳತೆ ತೆಗೆದಿದ್ದೆ. ಅಂಗಿ ನನ್ನ ಅಂಗಡಿಯಲ್ಲಿ ಒಪ್ಪುತ್ತಿತ್ತು, ಮನೆಗೆ ಹೋದರೆ ಹಿಂದೆ ಮೇಲಕ್ಕೆ ಏರುತ್ತಿತ್ತು. ಎರಡನೆಯ ಅಂಗಿಗೆ ಗೂನನ್ನು ಗೂನಿನ ಹಾಗೇ ಅಳೆದೆ, ಹಿಂದೆ ನಾಲ್ಕು ಬೆರಳು ಉದ್ದ ಬಿಟ್ಟೆ. ಸಾಯುವ ತನಕ ಆ ಅಂಗಿಯನ್ನೇ ಹಾಕಿಕೊಂಡರು.

"ಅಕ್ಕ, ಜರುಗೋರು ಜರುಗಲಿ" ಎಂದೆ. "ಎಷ್ಟು ಬೆರಳು ಜರುಗ್ತಾರೋ ಅಷ್ಟು ಹಿಂದಕ್ಕೆ ಮಲಗಿಸ್ತೀನಿ."

ಮೂರನೆಯ ಕೂಟದ ಬೆಳಿಗ್ಗೆ ನಾನು ಬೆರಳಿನ ಲೆಕ್ಕ ಬರೆದಿಟ್ಟ ಚೀಟಿ ನೋಡಿಕೊಂಡು ಒಬ್ಬೊಬ್ಬರ ಚಾಪೆಯನ್ನು ಹಿಂದಕ್ಕೆ ಎಳೆಯುತ್ತ ಹೋದೆ. ಗಲಾಟೆ ಶುರುವಾಯಿತು. "ನನಗೆ ಎರಡೇ ಬೆರಳಾ? ಅವಳಿಗೆ ಮೂರು! ಹೊಂಬಾಳಕ್ಕನಿಗೆ ಮಜ್ಜಿಗೆ ತಂದುಕೊಡ್ತಿದ್ದೋಳು ನಾನು, ಅವಳಲ್ಲ!" "ಏ ಪಂಕಜ, ಅವತ್ತು ನಂದು ಉಣ್ಣೆ ಬಟ್ಟೆ, ನೀರು ಏರಲಿಲ್ಲ, ಇನ್ನೊಂದು ಅರ್ಧ ಬೆರಳು ಹಾಕು." "ಅರ್ಧ ಬೆರಳಿಗೆ ಇಲ್ಲಿ ಚೌಕಾಶಿ ಇಲ್ಲ, ಮಲಗ್ರಿ" ಎಂದು ಗದರಿದೆ. ಹೊಂಬಾಳಮ್ಮ ನೀರಿನಲ್ಲಿ ಕೂತು ಪ್ರತಿಯೊಬ್ಬರ ಬೆರಳ ಲೆಕ್ಕವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮೂವತ್ತು ವರ್ಷ ತಮ್ಮಿಂದ ಬೈಸಿಕೊಂಡವರು ತಮ್ಮ ಮೇಲಿನ ಅಕ್ಕರೆ ಇಷ್ಟಿಷ್ಟು ಬೆರಳು ಎಂದು ಕೂಗಿ ಹೇಳುತ್ತಿದ್ದರೆ ಮುಖವನ್ನು ಎತ್ತ ತಿರುಗಿಸಬೇಕೆಂದು ಅವರಿಗೆ ತೋಚಲಿಲ್ಲ.

ಮರಿದೇವಯ್ಯನ ಚಾಪೆಯನ್ನು ಐದು ಬೆರಳು ಎಳೆದಾಗ ಗಲಾಟೆ ನಿಂತಿತು. ಉಳಿದವರದು ಹೇಗೋ ತಾಗಿತ್ತು, ಅವರ ತುಟಿ ನೀರಿಗೆ ತಾಗಲಿಲ್ಲ. ತೊಟ್ಟಿಯ ಅಂಚಿನ ಒಣಕಲ್ಲಿನ ಮೇಲೆ ಕೂತಿತ್ತು.

"ಇಲ್ಲಿಂದ ನೀರು ಸಿಗಲ್ಲ" ಎಂದರು.

"ಸಿಗ್ತದೆ."

"ನಾನು ಜರುಗೋನಲ್ಲ ಅಂತ ಹೇಳಿದ್ನಲ್ಲ. ಅವತ್ತು ನೀರು ಚಿಮ್ಮಿದ್ದು."

ಹೊಂಬಾಳಮ್ಮ ನನ್ನನ್ನು ಕರೆದರು. "ಪಂಕಜ, ಅವನನ್ನ ಮುಂದಕ್ಕೆ ಹಾಕು. ನನ್ನ ಕಂಡ್ರೆ ಆಗದೋನು. ಅವನು ಜರುಗಲ್ಲ." ಗೋಡೆಗೆ ಹೇಳಿದ ಆ ಒಂದು ಮಾತು ಬಿಟ್ಟರೆ, ಹನ್ನೊಂದು ವರ್ಷದಲ್ಲಿ ಅವರ ಬಾಯಲ್ಲಿ ಮರಿದೇವಯ್ಯನ ಸುದ್ದಿ ಬಂದದ್ದು ಅವತ್ತೇ ಇರಬೇಕು.

ಮುಂದಕ್ಕೆ ಹಾಕಿ ಅವರು ಜರುಗಿದರೆ, ಬೆನ್ನುಮೂಳೆ. ಹಿಂದೆ ಬಿಟ್ಟು ಅವರು ಜರುಗದಿದ್ದರೆ, ತಗ್ಗು ದನಿಯಿಲ್ಲದೆ ಗಡ್ಡೆ ಹಾಗೇ ಉಳಿಯುತ್ತದೆ, ನಾಲ್ಕನೆಯ ಕೂಟವಿಲ್ಲ. ಸಣ್ಣ ದನಿ ಹಿಡಿಸಿ ಪರೀಕ್ಷೆ ಮಾಡುವಂತೆಯೂ ಇಲ್ಲ, ಸಣ್ಣ ದನಿಗೆ ಯಾರೂ ಜರುಗುವುದಿಲ್ಲವಲ್ಲ. ಸಣ್ಣತಾಯಿಯ ಕಡೆ ನೋಡಿದೆ. ಅವಳು ತನ್ನ ಚಾಪೆಯಿಂದಲೇ ಕತ್ತೆತ್ತಿ, ಗಂಡನಿಗೆ ಕೇಳದ ಹಾಗೆ, "ಬಿಡು" ಎಂದು ತುಟಿ ಅಲ್ಲಾಡಿಸಿದಳು.

ಬಿಟ್ಟೆ.

ಹೊಂಬಾಳಮ್ಮ ಉಸಿರು ಕಟ್ಟಿದರು. ಕೈ ಎತ್ತಿದೆ. ಇಪ್ಪತ್ಮೂರು ದನಿ ನೀರಿಗೆ ಇಳಿದವು, ಇಪ್ಪತ್ನಾಲ್ಕನೆಯದು ಕಲ್ಲಿನ ಮೇಲೆ ಗಾಳಿಯಲ್ಲೇ ಉಳಿಯಿತು. ಒಂದು, ಎರಡು. ಉಳಿದವರು ಜರುಗುವುದು ಕಾಣುತ್ತಿತ್ತು, ಒಬ್ಬೊಬ್ಬರೂ ಬಂದು ತಮ್ಮ ತಮ್ಮ ಗುರುತಿಗೆ ಸರಿಯಾಗಿ ನಿಲ್ಲುತ್ತಿದ್ದರು. ಮೂರು. ಮರಿದೇವಯ್ಯ ಕಣ್ಣು ಮುಚ್ಚಿ ಕಲ್ಲಿನ ಹಾಗೆ ಬಿದ್ದಿದ್ದರು. ನಾಲ್ಕು. ಹೊಂಬಾಳಮ್ಮನ ಕೆನ್ನೆ ನಡುಗಿತು. ನೋವಲ್ಲ, ಉಸಿರು ಸಾಲದೆ ಇರಬೇಕು. ಮರಿದೇವಯ್ಯ ಕಣ್ಣು ತೆರೆದರು. ಕಲ್ಲಿನ ಮೇಲೆ ಅಂಗಿಯ ಗುಂಡಿ ಉಜ್ಜುವ ಸದ್ದು ನನಗೆ ಕೇಳಿಸಿತು. ಟಕ್. ಟಕ್. ಒಂದು ಗುಂಡಿ ಕಿತ್ತು ನೀರಿಗೆ ಬಿತ್ತು. ಮರುಕ್ಷಣ ತೊಟ್ಟಿಯ ನೀರು ಅಂಚಿನಿಂದ ಅಂಚಿಗೆ ಕಂಪಿಸಿತು. ಹೊಂಬಾಳಮ್ಮ ಮುಷ್ಟಿ ಬಿಚ್ಚಿ ಒಂದು ಬೆರಳನ್ನು ಹೊಟ್ಟೆಯ ಮೇಲೆ ಊರಿದರು. ಸರಿಯಾಗಿ ಅಲ್ಲೇ.

ಅವತ್ತು ಹನ್ನೆರಡು ಸಲ ದನಿ ಹಿಡಿದೆವು. ಹನ್ನೆರಡು ಸಲವೂ ಮರಿದೇವಯ್ಯ ಒಣಕಲ್ಲಿನಿಂದ ಶುರು ಮಾಡಿ, ನಾಲ್ಕಕ್ಕೆ ನೀರಿಗೆ ಬಂದರು. ಪ್ರತಿ ಸಲ ಅವರನ್ನು ಕಾಲು ಹಿಡಿದು ಹಿಂದಕ್ಕೆ ಎಳೆಯಬೇಕಾಯಿತು.

ಮುಗಿದ ಮೇಲೆ ಅವರು ಎದ್ದು ನಿಂತು ಅಂಗಿ ಹಿಂಡಿಕೊಳ್ಳುತ್ತಿದ್ದರು. ಹೊಂಬಾಳಮ್ಮ ನೀರಿನಿಂದಲೇ, "ಚಿಮ್ಮಿತಾ?" ಎಂದರು.

"ಹೂಂ. ಚಿಮ್ಮಿತು."

"ಹನ್ನೊಂದು ವರ್ಷ ಆಯ್ತಲ್ಲಯ್ಯ ಒಳಗೆ ಬರಕ್ಕೆ."

"ಚಿಲಕ ಹಾಕ್ಕಂಡೋಳು ನೀನು."

ಹೊಂಬಾಳಮ್ಮ ಅವರ ಕಡೆಗೇ ತಿರುಗಿ ಕೂತರು. "ತಪ್ಪಾಯ್ತು. ಹಿಂದಕ್ಕೆ ಮಲಗಿಸಿದ್ರೆ ಸಾಕಾಗಿತ್ತು. ನಂಗೆ ಗೊತ್ತಿರಲಿಲ್ಲ."

ಮರಿದೇವಯ್ಯ ಏನೋ ಹೇಳಲು ಬಾಯಿ ತೆರೆದರು. ದನಿ ಪೂರ್ತಿ ಕಟ್ಟಿಹೋಗಿತ್ತು. ಹೆಂಡತಿಯ ಕಡೆ ತಿರುಗಿ ಕೈಸನ್ನೆ ಮಾಡಿದರು. "ಆಯ್ತಂತೆ, ಬಿಡು ಅಂತವ್ರೆ" ಎಂದು ಸಣ್ಣತಾಯಿ ತರ್ಜುಮೆ ಮಾಡಿ ತೊಟ್ಟಿಯ ಮನೆ ಬಿರಿಯುವಂತೆ ನಕ್ಕಳು.

ಹತ್ತು ದಿನದ ನಂತರ ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದರು. ನೆಲ್ಲಿಕಾಯಿ ಇದ್ದ ಜಾಗ ಬೆಂದುಹೋಗಿತ್ತು, ಸುತ್ತಲ ನಾಳಕ್ಕೆ ಏನೂ ಆಗಿರಲಿಲ್ಲ. "ಇದನ್ನ ಇನ್ನು ಮೈಯೇ ನಿಧಾನಕ್ಕೆ ಕರಗಿಸಿಕೊಳ್ಳುತ್ತೆ" ಎಂದರು. "ಕಾಳು ತಿನ್ನಬೌದಾ?" ಎಂದು ಹೊಂಬಾಳಮ್ಮ ಕೇಳಿದರು.

ಮೂರು ತಿಂಗಳಿಗೆ ಅವರು ಕೋಲು ಊರಿಕೊಂಡು ಮತ್ತೆ ತೊಟ್ಟಿಯ ದಡಕ್ಕೆ ಬಂದರು. ಅವತ್ತು ಬಳೆ ಮಾರುವ ದುಂಡಮ್ಮನಿಗೆ ಕೂಟ. ವಾಡಿಕೆಯಂತೆ ಅವಳ ಮಗಳು ಗಂಗು ಕಣ್ಣೊರೆಸಿಕೊಂಡು ಬಾಗಿಲ ಕಡೆ ಹೊರಟಳು. ಹೊಂಬಾಳಮ್ಮ ಕೋಲನ್ನು ಅಡ್ಡ ಹಿಡಿದರು.

"ಎಲ್ಲಿಗೇ? ಪಂಕಜ, ಇವಳ ಅಳತೆ ತಗಾ."

ಗಂಗು ಎಷ್ಟು ಜರುಗುತ್ತಾಳೆ ಎಂದು ನೋಡಲು, ಮರಿದೇವಯ್ಯನ ದಿನ ತೋಚದಿದ್ದ ಉಪಾಯ ಮಾಡಿದೆವು: ಅವಳ ಅಮ್ಮನನ್ನು ನೀರಿನಲ್ಲಿ ಕೂರಿಸಿ ಉಸಿರು ಕಟ್ಟಿಸಿ, ಅವಳೊಬ್ಬಳಿಂದಲೇ ದೊಡ್ಡ ದನಿ ಹಿಡಿಸಿದೆವು. ಒಂಬತ್ತು ಬೆರಳು ಬಂತು. ಚಾಪೆಯನ್ನು ಎಳೆದು ಎಳೆದು ಅವಳ ಪಾದ ಗೋಡೆಗೆ ತಾಗುವಷ್ಟು ಹಿಂದಕ್ಕೆ ತಂದೆ. ಇಷ್ಟು ದೂರವೇ ಎಂದು ಜನರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನೀರಿನ ನಡುವೆ ಕೂತಿದ್ದ ದುಂಡಮ್ಮ ಕತ್ತು ತಿರುಗಿಸಿ ನೋಡಿ, ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಗತ್ತಿನಿಂದ ಹೇಳಿದಳು:

"ಇನ್ನೂ ಒಂದು ಬೆರಳು ಹಿಂದಕ್ಕೆ ಹಾಕವ್ವ. ನನ್ನ ಮಗಳು ನಂಗೆ ಗೊತ್ತಿಲ್ವಾ?"